ಬೇಕಂತಲೇ ಸೋಲಬೇಕಿಲ್ಲದ ಆಟ: ಚೌಕಾಬಾರದಿಂದ ಲೂಡೋವರೆಗೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರೂ ಊರಿನಿಂದ ಒಂದು ಪ್ರಶ್ನೆ ಪದೇ ಪದೇ ಬರ್ತಾ ಇದೆ. "ಮನ್ಯಾಗ ಆರು ವರ್ಷದ ಹುಡುಗ ಅದಾನ. ಮೊಬೈಲ್ ಬಿಡಿಸಬೇಕು. ಕುಂತು ಆಡುವಂಥಾ ಒಂದು ಆಟ ಹೇಳ್ರಿ. ಆದ್ರ ನಮಗೂ ಬ್ಯಾಸರ ಆಗಬಾರದು." ಇದರಲ್ಲಿ ಕೊನೆಯ ವಾಕ್ಯವೇ ಮುಖ್ಯ. ಮಕ್ಕಳಿಗೆ ಆಟ ಸಿಗೋದು ಕಷ್ಟ ಅಲ್ಲ. ಅಪ್ಪ-ಅವ್ವ, ಅಜ್ಜಿ-ಅಜ್ಜ ಜೊತೆಗೆ ಕೂತು ಮನಸ್ಸಿಟ್ಟು ಆಡೋ ಆಟ ಸಿಗೋದು ಕಷ್ಟ.

ಅಂಗಡಿಯಲ್ಲಿ ಏನೇನು ಸಿಗುತ್ತೆ ಅಂತ ಪಟ್ಟಿ ಓದೋದು ನನ್ನ ಕೆಲಸ ಅಲ್ಲ. ಇದು ಇತಿಹಾಸದ ಪಾಡ್‌ಕಾಸ್ಟ್. ಆದರೆ ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲೇ ಇದೆ ಅನ್ನೋದು ನನ್ನ ವಾದ. ಒಂದು ಜಗುಲಿಯ ಮೇಲೆ ಆರು ವರ್ಷದವರನ್ನೂ ಅರವತ್ತು ವರ್ಷದವರನ್ನೂ ಒಟ್ಟಿಗೆ ಕೂರಿಸೋದು ಹೇಗೆ ಅನ್ನೋದನ್ನ ನಮ್ಮ ನೆಲದ ಜನ ತಲೆಮಾರುಗಳ ಕಾಲ ಆಡಿ ಆಡಿ ಕಂಡುಕೊಂಡಿದ್ದಾರೆ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಹಾವು-ಏಣಿ ತಗೊಳ್ರಿ. ಮಗುವಿಗೆ ಖುಷಿ. ಆದರೆ ಆಡೋರು ಮಾಡೋದಕ್ಕೆ ಏನೂ ಇಲ್ಲ. ದಾಳ ಹಾಕು, ಎಣಿಸು, ಏರು, ಇಳಿ. ಎರಡು ಆಟ ಮುಗಿಯೋದರೊಳಗೆ ಅಪ್ಪನ ಕೈ ಜೇಬಿನ ಫೋನಿಗೆ ಹೋಗಿರುತ್ತೆ. ಈಗ ಚದುರಂಗ ತಗೊಳ್ರಿ. ಅಪ್ಪನಿಗೆ ಖುಷಿ, ಮಗು ಹತ್ತು ನಿಮಿಷದಲ್ಲಿ ಸೋತು ಅಳುತ್ತೆ. ಆಮೇಲೆ ಅಪ್ಪ ಬೇಕಂತಲೇ ಸೋಲೋಕೆ ಶುರು ಮಾಡ್ತಾನೆ. ಮಕ್ಕಳಿಗೆ ಅದು ತಿಳಿಯೋದಿಲ್ಲ ಅಂದ್ಕೋಬೇಡ್ರಿ. ಬಹಳ ಬೇಗ ತಿಳಿಯುತ್ತೆ. ತಿಳಿದ ಮೇಲೆ ಗೆದ್ದರೂ ಗೆದ್ದಂಗಲ್ಲ.

ಹಾಗಾಗಿ ನಮಗೆ ಬೇಕಿರೋದು ದೊಡ್ಡವರು ಪೂರ್ತಿ ಮನಸ್ಸಿಟ್ಟು ಆಡಿದರೂ ಚಿಕ್ಕವರು ಆಗಾಗ ನಿಜವಾಗಿಯೇ ಗೆಲ್ಲೋ ಆಟ. ಅದೃಷ್ಟ ಎಷ್ಟಿರಬೇಕು, ಬುದ್ಧಿ ಎಷ್ಟಿರಬೇಕು ಅನ್ನೋ ಅಳತೆ ಅದು. ಅಡುಗೆಗೆ ಉಪ್ಪು-ಖಾರದ ಹದ ಇದ್ದ ಹಾಗೆ. ಬ್ಯಾಡಗಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬಣ್ಣ ಗಾಢ, ಖಾರ ಹಗುರ ಅನ್ನೋ ಹದಕ್ಕೇ ಆ ಮೆಣಸಿನಕಾಯಿಗೆ ಹೆಸರು ಬಂದದ್ದು.

ಈಗ ಹಿಂದಕ್ಕೆ ಹೋಗೋಣ. ನಮ್ಮ ಭಾಗದಲ್ಲಿ ಆಟಗಳ ಬಗ್ಗೆ ಬರೆದಿಟ್ಟ ದಾಖಲೆ ಹುಡುಕಿದರೆ ಮೊದಲು ಸಿಗೋದು ಅರಮನೆಯ ಕಥೆಗಳೇ. ಪಂಪ 941ರಲ್ಲಿ ಬರೆದ ವಿಕ್ರಮಾರ್ಜುನ ವಿಜಯದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿ ಕರ್ಣನ ಜೊತೆ ನೆತ್ತ ಆಡುವ ಪ್ರಸಂಗದ ಮಾತು ಬರುತ್ತೆ. ನೆತ್ತ ಅಂದರೆ ಹಳಗನ್ನಡದಲ್ಲಿ ಪಗಡೆ. ಅಲ್ಲಿ ಆಟ ಜೂಜಿನ ಗುರುತಲ್ಲ, ಮನೆಯೊಳಗಿನ ಸಲುಗೆಯ ಗುರುತು. ಅದಾದ ಮೇಲೆ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಅನ್ನೋ ದೊಡ್ಡ ಗ್ರಂಥ ಬರೆದ. ರಾಜ್ಯಭಾರ, ಅಡುಗೆ, ಸಂಗೀತ, ಬೇಟೆ ಎಲ್ಲಾ ಇರೋ ಆ ಪುಸ್ತಕದಲ್ಲಿ ಚದುರಂಗ, ದಾಳದ ಆಟ, ಕವಡೆ ಆಟಗಳಿಗೂ ಜಾಗ ಇದೆ. ಹಾವೇರಿಯ ಪುರಸಿದ್ಧೇಶ್ವರ ಗುಡಿ ನೋಡಿದ್ದೀರಲ್ಲ, ಅದೂ ಕಲ್ಯಾಣ ಚಾಲುಕ್ಯರ ಕಾಲದ್ದೇ. ಅಂದರೆ ಆ ಗುಡಿ ಕಟ್ಟಿದ ಕಾಲದ ದೊರೆಗಳಿಗೆ ಕೂತು ಆಡೋ ಆಟ ಅನ್ನೋದು ಪುಸ್ತಕದಲ್ಲಿ ಬರೆದಿಡುವಷ್ಟು ಗೌರವದ ವಿಷಯ.

ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ ಕಥೆ ಹಾನಗಲ್ಲಿನದು. ಹಾನಗಲ್ಲಿಗೆ ವಿರಾಟನಗರ, ವಿರಾಟನಕೋಟೆ ಅನ್ನೋ ಹೆಸರುಗಳೂ ಇದ್ದವು. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಅಂತ ಜನರ ನಂಬಿಕೆ. ಇತಿಹಾಸ ಹೌದೋ ಅಲ್ಲವೋ ಬಿಡ್ರಿ, ಕಥೆ ಗಮನಿಸಿ. ದಾಳದಾಟದಲ್ಲಿ ರಾಜ್ಯ ಕಳ್ಕೊಂಡ ಧರ್ಮರಾಯ ಇಲ್ಲಿಗೆ ಬಂದು ಸೇರಿದ್ದು ಯಾವ ಕೆಲಸಕ್ಕೆ? ಕಂಕ ಅನ್ನೋ ಹೆಸರಲ್ಲಿ, ವಿರಾಟರಾಜನ ಜೊತೆ ದಾಳ ಆಡೋ ಕೆಲಸಕ್ಕೆ! ಕೊನೆಗೆ ಒಂದಿನ ವಿರಾಟ ತನ್ನ ಮಗ ಉತ್ತರಕುಮಾರ ಕೌರವರನ್ನ ಗೆದ್ದ ಅಂತ ಹಿಗ್ಗುತ್ತಾ ಆಡ್ತಿರುವಾಗ ಕಂಕ, ಗೆದ್ದದ್ದು ಬೃಹನ್ನಳೆಯಿಂದ ಅಂತಾನೆ. ವಿರಾಟನಿಗೆ ಸಿಟ್ಟು ಬಂದು ಕೈಯಲ್ಲಿದ್ದ ದಾಳ ಎಸೆದು ಕಂಕನ ಮೂಗಿನಿಂದ ರಕ್ತ ಬರಿಸ್ತಾನೆ. ಮಗನ ಮೇಲಿನ ಅಭಿಮಾನ ಆಟದ ಹಲಗೆಯ ಮೇಲೆ ಸಿಟ್ಟಾಗೋದು ಹೊಸದೇನಲ್ಲ ಅಂತ ಇದರಿಂದ ಗೊತ್ತಾಗುತ್ತೆ. ಮಕ್ಕಳ ಜೊತೆ ಆಡೋ ಅಪ್ಪಂದಿರು ಈ ಕಥೆ ನೆನಪಿಟ್ಟುಕೊಂಡರೆ ಒಳ್ಳೇದು.

ಈ ಕಥೆಗಳಿಂದಲೇ ಒಂದು ತೊಂದರೆಯೂ ಆಯಿತು. ದಾಳ ಅಂದ ತಕ್ಷಣ ಜೂಜು, ಜೂಜು ಅಂದ ತಕ್ಷಣ ಮನೆ ಹಾಳು ಅನ್ನೋ ಸರಣಿ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಕಟ್ಟೆಯ ಮೇಲೆ ಪಣ ಇಟ್ಟು ಪಗಡೆ ಆಡೋ ಗಂಡಸರನ್ನ ನೋಡಿ ಮನೆಯವರು ಬೈಯೋದು ನಾನೂ ಚಿಕ್ಕಂದಿನಲ್ಲಿ ಕೇಳಿದ್ದೀನಿ. ಓದೋ ಹುಡುಗರು ಕವಡೆ ಮುಟ್ಟಬಾರದು ಅಂತ ಗದರೋರೂ ಇದ್ದರು. ಆದರೆ ಅದೇ ಮನೆಯ ಒಳಗೆ, ಪಡಸಾಲೆಯಲ್ಲಿ, ಹೆಂಗಸರೂ ಮಕ್ಕಳೂ ಬೇರೆ ಆಟಗಳನ್ನ ಆಡ್ತಿದ್ದರು. ಅಲ್ಲಿ ಪಣ ಇಲ್ಲ, ದುಡ್ಡಿಲ್ಲ. ಗೆದ್ದರೆ ಗೆದ್ದೆ ಅನ್ನೋ ಹೆಮ್ಮೆ ಅಷ್ಟೇ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಿ, ಉಂಡಿ ತಿಂದು, ಮಧ್ಯಾಹ್ನ ಸುತ್ತ ಕೂತು ಆಡ್ತಿದ್ದ ಆಟಗಳು ಇವು. ಕವಿಗಳೂ ದೊರೆಗಳೂ ಬರೆದಿಟ್ಟದ್ದು ಮೊದಲನೇ ಬಗೆಯ ಆಟಗಳ ಬಗ್ಗೆ. ನಮ್ಮ ಪ್ರಶ್ನೆಗೆ ಉತ್ತರ ಇರೋದು ಎರಡನೇ ಬಗೆಯಲ್ಲಿ.

ಬರೆದಿಡದಿದ್ದರೂ ಗುರುತು ಉಳಿದಿದೆ. ಹಂಪಿಗೆ ಹೋದಾಗ ಬರೀ ಗೋಪುರ ನೋಡಬೇಡ್ರಿ, ಸ್ವಲ್ಪ ಕೆಳಗೂ ನೋಡ್ರಿ. ಮಂಟಪದ ನೆಲಹಾಸಿನ ಮೇಲೆ, ಬಂಡೆಗಳ ಮೇಲೆ ಆಟದ ಮನೆಗಳನ್ನ ಕೊರೆದಿರೋದು ಕಾಣುತ್ತೆ. ಹುಲಿ-ಕುರಿ ಆಟದ ತ್ರಿಕೋನ, ಸಾಲು ಸಾಲು ಗುಳಿ, ಚೌಕದೊಳಗೆ ಚೌಕ. ಜಾನ್ ಫ್ರಿಟ್ಜ್ ಮತ್ತು ಡೇವಿಡ್ ಗಿಬ್ಸನ್ ಅನ್ನೋ ಸಂಶೋಧಕರು ಇವುಗಳ ಬಗ್ಗೆಯೇ ಬರೆದಿದ್ದಾರೆ. ಕೊರೆದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವರ ಆಟ ಮಾತ್ರ ಕಲ್ಲಿನ ಮೇಲಿದೆ.

ಈಗ ಒಂದೊಂದೇ ಆಟ ಬಿಚ್ಚಿ ನೋಡೋಣ. ಮೊದಲು ಚೌಕಾಬಾರ. ಕೆಲವು ಕಡೆ ಚಕ್ಕಾ ಅಂತಾರೆ, ಕೆಲವು ಕಡೆ ಕಟ್ಟೆಮನೆ. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಗೆ ಒಂದು ಸುತ್ತು, ಒಳಗೆ ತಿರುಗಿ ಇನ್ನೊಂದು ಸುತ್ತು, ಆಮೇಲೆ ನಡುಮನೆ ಸೇರಿದರೆ ಕಾಯಿ ಹಣ್ಣಾಯ್ತು ಅಂತ ಲೆಕ್ಕ. ಗೆರೆ ಎಳೆದು ಗುರುತು ಮಾಡಿದ ಕಟ್ಟೆಯ ಮೇಲೆ ಕೂತ ಕಾಯಿಯನ್ನ ಯಾರೂ ಹೊಡೆಯೋ ಹಾಗಿಲ್ಲ.

ಗರ ಹಾಕೋಕೆ ನಾಲ್ಕು ಕವಡೆ. ಕವಡೆ ನಮ್ಮ ಬಯಲುಸೀಮೆಯದಲ್ಲ, ಸಮುದ್ರದ್ದು. ಮಾಲ್ಡೀವ್ಸ್ ಕಡೆಯಿಂದ ಹಡಗಿನಲ್ಲಿ ಬರ್ತಿತ್ತು. ಬಂಗಾಳದಂಥ ಕಡೆ ಅದೇ ಚಿಲ್ಲರೆ ಹಣವಾಗಿಯೂ ನಡೀತಿತ್ತು. ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತ ನಾವು ಬೈಯೋ ಮಾತಿನಲ್ಲಿ ಆ ಹಣದ ನೆನಪೇ ಇರೋದು. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜ. ಬೀಜವನ್ನ ಒರಟು ಕಲ್ಲಿಗೆ ತೇದರೆ ಒಂದು ಬದಿ ಬೆಳ್ಳಗಾಗುತ್ತೆ, ಇನ್ನೊಂದು ಬದಿ ಕಂದು ಬಣ್ಣ ಹಾಗೇ ಉಳಿಯುತ್ತೆ. ನಾಲ್ಕು ಬೀಜ ತೇದರೆ ದಾಳ ತಯಾರು.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕ ಹಾಕದೆ ಇರೋಕಾಗಲ್ಲ. ಪ್ರತಿ ಬೀಜ ಬೆಳ್ಳಗಿನ ಬದಿ ಮೇಲಾಗಿ ಬೀಳೋದು, ಕೆಳಗಾಗಿ ಬೀಳೋದು ಸಮಸಮ ಅಂತ ಇಟ್ಕೊಳ್ಳಿ. ನಾಲ್ಕು ಬೀಜ ಬೀಳೋ ಬಗೆ ಒಟ್ಟು 16. ಅದರಲ್ಲಿ ಒಂದು ಬೀಳೋದು 4 ಬಗೆ, ಎರಡು ಬೀಳೋದು 6 ಬಗೆ, ಮೂರು ಬೀಳೋದು 4 ಬಗೆ. ನಾಲ್ಕೂ ಮೇಲಾಗಿ ಬಿದ್ದರೆ ನಾಲ್ಕು, ಅದು ಒಂದೇ ಬಗೆ. ನಾಲ್ಕೂ ಮಗುಚಿ ಬಿದ್ದರೆ ಎಂಟು, ಅದೂ ಒಂದೇ ಬಗೆ. ನಾಲ್ಕು ಅಥವಾ ಎಂಟು ಬಿದ್ದರೆ ಇನ್ನೊಂದು ಗರ ಸಿಗುತ್ತೆ.

ಇದರ ಅರ್ಥ ಏನು? ಎದುರಾಳಿಯ ಕಾಯಿ ನನಗಿಂತ ಎರಡು ಮನೆ ಮುಂದಿದ್ದರೆ ಅದನ್ನ ಹೊಡೆಯೋ ಸಾಧ್ಯತೆ ಹೆಚ್ಚು, ನಾಲ್ಕು ಮನೆ ಮುಂದಿದ್ದರೆ ಬಹಳ ಕಡಿಮೆ. ಅಜ್ಜಿಗೆ ಇದು ಬರೀ ಅನುಭವದಿಂದ ಗೊತ್ತು. ಅದಕ್ಕೇ ಆಕೆ ತನ್ನ ಕಾಯಿಯನ್ನ ಎದುರಾಳಿಯ ಎರಡು ಮನೆ ಮುಂದೆ ನಿಲ್ಲಿಸೋದಿಲ್ಲ. ಅಂದರೆ ದೊಡ್ಡವರಿಗೆ ಯೋಚಿಸೋಕೆ ಕೆಲಸ ಇದೆ. ಅದೇ ಹೊತ್ತಿಗೆ ಮಗು ಎಂಟು ಹಾಕಿ, ಮತ್ತೆ ನಾಲ್ಕು ಹಾಕಿ, ಅಜ್ಜಿಯ ಲೆಕ್ಕವನ್ನೆಲ್ಲಾ ಮಗುಚಿ ಹಾಕಬಹುದು. ಅಜ್ಜಿ ಬೇಕಂತ ಸೋಲಬೇಕಿಲ್ಲ, ಕವಡೆಯೇ ಸೋಲಿಸುತ್ತೆ. ಮಗುವಿಗೂ ಬರೀ ಎಣಿಸೋ ಕೆಲಸ ಅಲ್ಲ. ನಾಲ್ಕು ಕಾಯಲ್ಲಿ ಯಾವುದನ್ನ ನಡೆಸಲಿ ಅನ್ನೋ ತೀರ್ಮಾನ ಪ್ರತಿ ಸರದಿಗೂ ಅದರದೇ.

ಇದರ ಮೇಲೆ ಮನೆಮನೆಯ ನಿಯಮ. ಬಹಳ ಮನೆಗಳಲ್ಲಿ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ. ಎಂಥಾ ಒಳ್ಳೆ ನಿಯಮ ನೋಡ್ರಿ! ಇದಿಲ್ಲದಿದ್ದರೆ ಮುಂದೆ ಹೋದವರು ಓಡಿಬಿಡ್ತಾರೆ, ಹಿಂದೆ ಬಿದ್ದ ಮಗುವಿಗೆ ಆಸೆಯೇ ಉಳಿಯೋದಿಲ್ಲ. ಇದಿರೋದರಿಂದ ಮುಂದೆ ಹೋದವರು ಹೊರಸುತ್ತಿನಲ್ಲೇ ಸುತ್ತುತ್ತಾ ಬೇಟೆಗೆ ಕಾಯಬೇಕು, ಹಿಂದಿದ್ದವರಿಗೆ ಸಿಕ್ಕಿಬೀಳಬೇಕು.

ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಕ್ಕೆ ಹೆಂಗಸರು ಸಾಲಾಗಿ ಕೂತಿರ್ತಾರೆ. ಒಂದ್ಸಲ ಊಟದ ಹೊತ್ತಿಗೆ ಹೋದಾಗ ಅವರಲ್ಲಿ ನಾಲ್ಕು ಜನ ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಆಡ್ತಿದ್ದರು. ಒಬ್ಬಾಕೆಯ ಕಾಯಿ ಬಳೆಚೂರು, ಇನ್ನೊಬ್ಬಾಕೆಯದು ಮೆಣಸಿನಕಾಯಿ ತೊಟ್ಟು. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ ಅವ್ವನ ಪರವಾಗಿ ಗರ ಹಾಕ್ತಿದ್ದಳು. "ಆಕಿ ಕೈಗುಣ ಛಲೋ ಐತ್ರಿ, ಕಾಯಿ ನಡಸೋದು ನಾ ನೋಡ್ಕೊಂತೀನಿ" ಅಂದರು ಅವ್ವ. ಅದೃಷ್ಟದ ಪಾಲು ಮಗಳದು, ಬುದ್ಧಿಯ ಪಾಲು ತಾಯಿಯದು. ಚಿಕ್ಕವರನ್ನ ಆಟಕ್ಕೆ ಸೇರಿಸಿಕೊಳ್ಳೋದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಬೇರೆ ಕಂಡಿಲ್ಲ.

ಎರಡನೇದು ಹುಲಿ-ಕುರಿ. ದಕ್ಷಿಣದ ಕಡೆ ಆಡು-ಹುಲಿ ಅಂತಾರೆ. ಇದರಲ್ಲಿ ಕವಡೆಯೂ ಇಲ್ಲ, ಅದೃಷ್ಟವೂ ಇಲ್ಲ. ಹೆಚ್ಚು ಕಾಣಸಿಗೋ ಬಗೆಯಲ್ಲಿ ತ್ರಿಕೋನದ ಮೇಲೆ 23 ಚುಕ್ಕಿ, 3 ಹುಲಿ, 15 ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತೆ. ಕುರಿಗಳು ಒಗ್ಗಟ್ಟಾಗಿ ನಿಂತು ಹುಲಿ ಅಲ್ಲಾಡದ ಹಾಗೆ ಕಟ್ಟಿಹಾಕಬೇಕು. ಅದೃಷ್ಟ ಇಲ್ಲ ಅಂದಮೇಲೆ ಚದುರಂಗದ ತೊಂದರೆಯೇ ಇಲ್ಲೂ ಬರಬೇಕಿತ್ತಲ್ಲ? ಬರೋದಿಲ್ಲ. ಯಾಕಂದರೆ ಎರಡೂ ಪಕ್ಷ ಒಂದೇ ಥರ ಇಲ್ಲ. ಹುಲಿ ಆಡೋದು ಸುಲಭ: ಎಲ್ಲಿ ಹಾರಬಹುದು ಅಂತ ನೋಡಿದರೆ ಸಾಕು, ಮಕ್ಕಳಿಗೆ ಅದು ಖುಷಿಯೂ ಹೌದು. ಕುರಿ ಆಡೋದು ಕಷ್ಟ: ಮುಂದಿನ ನಾಲ್ಕು ನಡೆ ಯೋಚಿಸಬೇಕು. ಹಾಗಾಗಿ ಮಗುವಿಗೆ ಹುಲಿ ಕೊಡಿ, ನೀವು ಕುರಿ ಹಿಡೀರಿ. ಪೂರ್ತಿ ಬುದ್ಧಿ ಹಚ್ಚಿ ಆಡ್ರಿ. ಮಗು ಕಲಿತ ಮೇಲೆ ಪಕ್ಷ ಬದಲಿಸ್ರಿ. ಮೂರು ಬಲಶಾಲಿಗಳನ್ನ ಹದಿನೈದು ಬಡವರು ಸೇರಿ ಕಟ್ಟಿಹಾಕಬಹುದು ಅನ್ನೋ ಮಾತನ್ನ ಯಾರೂ ಉಪದೇಶ ಮಾಡದೆ ಈ ಆಟ ಕಲಿಸುತ್ತೆ.

ಮೂರನೇದು ಅಳಗುಳಿಮಣೆ. ಕರಾವಳಿಯಲ್ಲಿ ಚೆನ್ನೆಮಣೆ, ತಮಿಳಿನಲ್ಲಿ ಪಲ್ಲಾಂಗುಳಿ, ತೆಲುಗಿನಲ್ಲಿ ವಾಮನಗುಂಟಲು. ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14. ಗುಳಿಗೆ ನಾಲ್ಕರಂತೆ ತುಂಬಿದರೆ 56 ಬೀಜ. ಒಂದು ಗುಳಿಯ ಬೀಜ ತೆಗೆದು ಒಂದೊಂದಾಗಿ ಬಿತ್ತುತ್ತಾ ಹೋಗೋದು. ಆಫ್ರಿಕಾದಿಂದ ಆಗ್ನೇಯ ಏಷ್ಯಾದವರೆಗೆ ಇದರ ಬಂಧುಗಳಿವೆ. ತುಳುನಾಡಿನಲ್ಲಿ ಇದನ್ನ ಮಳೆಗಾಲದ ಆಟಿ ತಿಂಗಳಲ್ಲಿ ಆಡೋ ಪದ್ಧತಿ. ಹೊರಗೆ ಮಳೆ, ಹೊಲದ ಕೆಲಸ ಕಡಿಮೆ, ಒಳಗೆ ಚೆನ್ನೆ. ಚಿಕ್ಕ ಮಕ್ಕಳಿಗೆ ಇಲ್ಲಿ ಕೈಗೆ ಕೆಲಸ, ಬಾಯಿಗೆ ಎಣಿಕೆ. ದೊಡ್ಡವರಿಗೆ ಯಾವ ಗುಳಿಯಿಂದ ಶುರು ಮಾಡಿದರೆ ಎಲ್ಲಿ ಮುಗಿಯುತ್ತೆ ಅನ್ನೋ ಲೆಕ್ಕ. ಆರು ವರ್ಷದ ಮಗು ಸೋತರೂ ಅದರ ಮುಂದೆ ಬೀಜದ ಒಂದು ಗುಡ್ಡೆ ಇರುತ್ತೆ. ಸೋತೋರ ಕೈ ಪೂರ್ತಿ ಬರಿದಾಗಿರೋದಿಲ್ಲ.

ಇಲ್ಲಿಗೆ ಮೈಸೂರನ್ನೂ ಸೇರಿಸಬೇಕು. ಅರಮನೆಯೂ ಈ ಆಟಗಳನ್ನ ಗಂಭೀರವಾಗಿ ತಗೊಂಡದ್ದು ಅಲ್ಲಿ. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತಗೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ಗಮನವನ್ನ ಕಲೆ, ಸಾಹಿತ್ಯ, ಆಟಗಳ ಕಡೆ ತಿರುಗಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗ ಕೌತುಕನಿಧಿ ಆಟಗಳಿಗೇ ಮೀಸಲು. ಅವರು ಗಂಜೀಫಾ ಎಲೆಗಳಲ್ಲಿ ರೂಪಿಸಿದ ಛದ ಆಟಗಳಲ್ಲಿ ಕೆಲವಕ್ಕೆ 300ಕ್ಕೂ ಹೆಚ್ಚು ಎಲೆ. ಅದ್ಭುತ ಕೆಲಸ, ಎರಡು ಮಾತಿಲ್ಲ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಅನ್ನೋ ಪ್ರದರ್ಶನಗಳಲ್ಲಿ ಹಳೆಯ ಆಟಗಳನ್ನ ಮತ್ತೆ ಜನರ ಕೈಗೆ ಕೊಟ್ಟಿದೆ. ಆದರೆ ನಮ್ಮ ಪ್ರಶ್ನೆಗೆ ಇದರಲ್ಲೊಂದು ಪಾಠ ಇದೆ. 300 ಎಲೆಯ ಆಟ ಅರಮನೆ ದಾಟಿ ಹಳ್ಳಿಯ ಜಗುಲಿಗೆ ಬರಲಿಲ್ಲ. ಸೀಮೆಸುಣ್ಣದ 25 ಮನೆ ಉಳಿಯಿತು. ಎರಡು ನಿಮಿಷದಲ್ಲಿ ಹೇಳಿಕೊಡೋಕೆ ಆಗದ ಆಟ ಮಕ್ಕಳಿರೋ ಮನೆಯಲ್ಲಿ ನಿಲ್ಲೋದು ಕಷ್ಟ.

ಈಗ ಹಡಗು ಹತ್ತೋಣ. ಹಾವು-ಏಣಿಯ ಮೂಲ ಭಾರತದ್ದೇ. ಜ್ಞಾನ ಚೌಪಡ, ಪರಮಪದ ಸೋಪಾನ ಅಂತ ಹೆಸರು. ಕಲಾ ಇತಿಹಾಸಕಾರ ಆಂಡ್ರ್ಯೂ ಟಾಪ್ಸ್‌ಫೀಲ್ಡ್ ಈ ಪಟಗಳನ್ನ ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಜೈನರಲ್ಲೂ ವೈಷ್ಣವರಲ್ಲೂ ಬೇರೆ ಬೇರೆ ಪಟಗಳಿದ್ದವು. ಪ್ರತಿ ಮನೆಗೂ ಒಂದು ಹೆಸರು: ಸಿಟ್ಟು, ಆಸೆ, ದಾನ, ಭಕ್ತಿ. ಅಲ್ಲಿ ಆಡೋರಿಗೆ ತೀರ್ಮಾನ ಇರಲಿಲ್ಲ ನಿಜ, ಆದರೆ ಪ್ರತಿ ಹಾವಿಗೂ ಏಣಿಗೂ ಒಂದು ಕಥೆ ಇತ್ತು. ಹಿರಿಯರು ಆ ಕಥೆ ಹೇಳ್ತಿದ್ದರು, ಕಿರಿಯರು ಕೇಳ್ತಿದ್ದರು. ದೊಡ್ಡವರ ಕೆಲಸ ಅದಾಗಿತ್ತು. 1892ರ ಹೊತ್ತಿಗೆ ಇದು ಇಂಗ್ಲೆಂಡಿನಲ್ಲಿ ಅಂಗಡಿಯ ಆಟ ಆಯಿತು. ಬರ್ತಾ ಬರ್ತಾ ಮನೆಗಳ ಹೆಸರು ಅಳಿಸಿ ಬರೀ ಅಂಕಿ ಉಳಿಯಿತು. ಆ ಅಂಕಿಯ ಆಟವೇ ರಟ್ಟಿನ ಹಾಳೆಯಾಗಿ ನಮ್ಮೂರಿಗೆ ವಾಪಸ್ ಬಂತು. ಹಾವು-ಕೇರಿ ಅನ್ನೋದರಿಂದಲೇ ಹಾವೇರಿ ಅನ್ನೋ ಹೆಸರು ಬಂತು ಅಂತಾರೆ. ಆ ಹಾವೇರಿಯಲ್ಲೇ ಇವತ್ತು ಹಾವುಗಳಿಗೆ ಹೆಸರಿಲ್ಲ!

ಲೂಡೋದ ಕಥೆಯೂ ಹೀಗೇ. ಪಚೀಸಿ, ಅಂದರೆ ಪಗಡೆಯ ಬಳಗದ ಆಟವನ್ನ ಸರಳ ಮಾಡಿ 1896ರಲ್ಲಿ ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಕಾಲಿಯರ್ ಲೂಡೋ ಹೆಸರಲ್ಲಿ ಪೇಟೆಂಟ್ ಪಡೆದ. ಕವಡೆ ಹೋಗಿ ಆರು ಮುಖದ ದಾಳ ಬಂತು. ಇದು ಸಣ್ಣ ಬದಲಾವಣೆ ಅನ್ನಿಸಬಹುದು, ಅಲ್ಲ. ಕವಡೆಯಲ್ಲಿ ಎರಡು ಹೆಚ್ಚು ಬೀಳುತ್ತೆ, ನಾಲ್ಕು ಕಡಿಮೆ ಬೀಳುತ್ತೆ, ಅದರಿಂದ ಅಂದಾಜು ಮಾಡಬಹುದು. ದಾಳದಲ್ಲಿ ಒಂದರಿಂದ ಆರರವರೆಗೆ ಎಲ್ಲಾ ಒಂದೇ. ಅಜ್ಜಿಯ ಅಂದಾಜಿಗೆ ಕೆಲಸ ಕಡಿಮೆ ಆಯಿತು. ಮೇಲಿಂದ, ಆರು ಬೀಳೋವರೆಗೆ ಕಾಯಿ ಹೊರಗೇ ಬರೋ ಹಾಗಿಲ್ಲ. ಐದು ಸರದಿ ಆದರೂ ಆರು ಬೀಳದೆ ಮಗು ಸುಮ್ಮನೆ ಕೂರೋ ಸಾಧ್ಯತೆ ನೂರಕ್ಕೆ 40. ಐದು ವರ್ಷದ ಮಗುವಿಗೆ ಐದು ಸರದಿ ಅಂದರೆ ಒಂದು ಯುಗ. ನಮ್ಮ ಚೌಕಾಬಾರದಲ್ಲೂ ಕೆಲವು ಮನೆಗಳಲ್ಲಿ ಕಾಯಿ ಇಳಿಸೋಕೆ ಇಂಥದ್ದೇ ಗರ ಬೇಕು ಅಂತಾರೆ. ಮಕ್ಕಳು ಸಣ್ಣವರಿದ್ದರೆ ಆ ನಿಯಮ ಬಿಟ್ಟುಬಿಡಿ, ಕಾಯಿಗಳನ್ನ ಮೊದಲೇ ಕಟ್ಟೆಯಲ್ಲಿ ಕೂರಿಸ್ರಿ.

ತೀರ್ಮಾನವೇ ಇಲ್ಲದ ಆಟಗಳನ್ನ ಪೂರ್ತಿ ತೆಗಳೋದೂ ಸರಿಯಲ್ಲ. ಅಮೆರಿಕದ ಕ್ಯಾಂಡಿ ಲ್ಯಾಂಡ್ ಅನ್ನೋ ಆಟವನ್ನ ಎಲೀನರ್ ಅಬಾಟ್ ಅನ್ನೋ ಶಿಕ್ಷಕಿ 1948ರಲ್ಲಿ ಪೋಲಿಯೋ ವಾರ್ಡಿನಲ್ಲಿದ್ದಾಗ ಮಾಡಿದರು. ಅವರಿಗೂ ಪೋಲಿಯೋ ಆಗಿತ್ತು. ಹಾಸಿಗೆ ಹಿಡಿದ ಮಕ್ಕಳು ದೊಡ್ಡವರ ಸಹಾಯ ಇಲ್ಲದೆ, ಓದಲು ಬಾರದೆ ಇದ್ದರೂ ಆಡಬೇಕಿತ್ತು. ಅಲ್ಲಿ ಬರೀ ಬಣ್ಣ ಸಾಕಾಗಿತ್ತು. ಆ ಆಟ ಯಾರಿಗಾಗಿ ಹುಟ್ಟಿತೋ ಅವರಿಗೆ ಅದು ಸರಿಯಾಗೇ ಇತ್ತು. ಅಪ್ಪ-ಅವ್ವ ಜೊತೆ ಕೂರೋ ಆಟ ಅದಲ್ಲ, ಅಷ್ಟೇ.

ಇನ್ನು ನಮ್ಮ ಕಡೆ ಬಿಸಿನೆಸ್ ಆಟ ಅಂತೀವಲ್ಲ, ಅದರ ಮೂಲ ಲಿಜ್ಜಿ ಮೇಗೀ 1904ರಲ್ಲಿ ಪೇಟೆಂಟ್ ಪಡೆದ ಲ್ಯಾಂಡ್‌ಲಾರ್ಡ್ಸ್ ಗೇಮ್. ಜಮೀನು ಕೆಲವರ ಕೈಗೆ ಸೇರಿದರೆ ಉಳಿದವರ ಗತಿ ಏನು ಅಂತ ತೋರಿಸೋದು ಆಕೆಯ ಉದ್ದೇಶ. 1935ರಲ್ಲಿ ಅದು ಮೊನೊಪಲಿ ಆಗಿ ಮಾರುಕಟ್ಟೆಗೆ ಬಂತು. ಕಾಮರ್ಸ್ ಓದಿದವನಾಗಿ ಈ ಆಟ ನನಗೆ ಇಷ್ಟವೇ. ಆದರೆ ಆರು ವರ್ಷದ ಮಗುವಿಗೆ ಬೇಡ. ಮೊದಲು ದಿವಾಳಿ ಆಗೋದು ಮಗುವೇ. ದಿವಾಳಿ ಆದ ಮೇಲೆ ಉಳಿದವರು ಒಂದು ತಾಸು ಆಡೋದನ್ನ ಅದು ನೋಡ್ತಾ ಕೂರಬೇಕು.

ಲೂಡೋ ಮೂರನೇ ಸಲ ಬಂದದ್ದು ಫೋನಿನಲ್ಲಿ. 2016ರಲ್ಲಿ ಶುರುವಾದ ಲೂಡೋ ಕಿಂಗ್ 2020ರ ಲಾಕ್‌ಡೌನ್‌ನಲ್ಲಿ ಮನೆಮನೆಗೆ ಮುಟ್ಟಿತು. ದೂರದ ಊರಲ್ಲಿ ಸಿಕ್ಕಿಬಿದ್ದ ಬಂಧುಗಳು ಒಟ್ಟಿಗೆ ಆಡಿದರು, ಅದು ಒಳ್ಳೇದೇ. ಆದರೆ ಹಿಂದೆಯೇ ಹಣ ಕಟ್ಟಿ ಆಡೋ ಆ್ಯಪ್‌ಗಳೂ ಬಂದವು. ಕರ್ನಾಟಕ ಸರ್ಕಾರ 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನ ನಿಷೇಧಿಸೋ ತಿದ್ದುಪಡಿ ತಂತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತು. 2025ರಲ್ಲಿ ಕೇಂದ್ರ ಸರ್ಕಾರವೇ ಹಣ ಕಟ್ಟೋ ಆನ್‌ಲೈನ್ ಆಟಗಳ ಮೇಲೆ ಕಾನೂನು ತಂತು. ಈ ವಾದಗಳಲ್ಲೆಲ್ಲಾ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆ ಒಂದೇ: ಇದು ಅದೃಷ್ಟದ ಆಟವೋ, ಜಾಣ್ಮೆಯ ಆಟವೋ? ಕೋರ್ಟಿಗೆ ಯಾವುದಾದರೂ ಒಂದು ಉತ್ತರ ಬೇಕು. ಮನೆಗೆ ಬೇಕಿರೋದು ಎರಡೂ, ಹದವಾಗಿ. ಪಣ ಇಲ್ಲದ ಕಡೆ ಈ ಬೆರಕೆಯಿಂದ ಯಾರ ಮನೆಯೂ ಹಾಳಾಗೋದಿಲ್ಲ. ಪಡಸಾಲೆಯ ಹೆಂಗಸರು ಕವಡೆ ಇಟ್ಟುಕೊಂಡು ಪಣ ಬಿಟ್ಟದ್ದರಲ್ಲಿ ಇದೇ ಜಾಣತನ ಇತ್ತು.

ಹಾಗಾದರೆ ಆಟ ಆರಿಸೋದು ಹೇಗೆ? ಹಳೆಯ ಆಟಗಳಿಂದ ನಾನು ತೆಗೆದ ಪ್ರಶ್ನೆ ನಾಲ್ಕು. ಒಂದು, ನಾನು ಪೂರ್ತಿ ಮನಸ್ಸಿಟ್ಟು ಆಡಿದರೆ ಮಗು ಹತ್ತರಲ್ಲಿ ಮೂರು-ನಾಲ್ಕು ಸಲವಾದರೂ ಗೆಲ್ಲಬಹುದೇ? ಎರಡು, ಪ್ರತಿ ಸರದಿಗೂ ಮಗು ತಾನೇ ತೀರ್ಮಾನಿಸೋದು ಏನಾದರೂ ಇದೆಯೇ? ಮೂರು, ಆಟ ಮುಗಿಯೋವರೆಗೂ ಎಲ್ಲರೂ ಆಟದಲ್ಲಿ ಇರ್ತಾರೆಯೇ? ನಾಲ್ಕು, ಎರಡು ನಿಮಿಷದಲ್ಲಿ ಹೇಳಿಕೊಟ್ಟು ಅರ್ಧ ತಾಸಿನಲ್ಲಿ ಮುಗಿಸಬಹುದೇ?

ಅಂಗಡಿಯ ಹೊಸ ಆಟಗಳನ್ನೂ ಈ ಪ್ರಶ್ನೆಗಳಿಂದ ಅಳೀಬಹುದು. ಜರ್ಮನಿಯಲ್ಲಿ 1979ರಿಂದ ವರ್ಷದ ಆಟ ಅಂತ ಒಂದು ಪ್ರಶಸ್ತಿ ಕೊಡ್ತಾರೆ, ಮನೆಮಂದಿ ಕೂತು ಆಡೋ ಆಟಗಳಿಗೆ ಅಲ್ಲಿ ಬಹಳ ಬೆಲೆ. ಅಲ್ಲೇ 1986ರಲ್ಲಿ ಬಂದ ಹಣ್ಣಿನ ತೋಟದ ಒಂದು ಆಟದಲ್ಲಿ ಎಲ್ಲರೂ ಒಂದೇ ಪಕ್ಷ. ಕಾಗೆ ಬರೋದರೊಳಗೆ ಹಣ್ಣು ಕಿತ್ತು ಬುಟ್ಟಿ ತುಂಬಬೇಕು. ಸೋತರೆ ಎಲ್ಲರೂ ಕಾಗೆಗೆ ಸೋತಂಗೆ. ಸೋಲನ್ನ ಸಹಿಸೋಕೆ ಇನ್ನೂ ಕಲಿಯದ ಮೂರು-ನಾಲ್ಕು ವರ್ಷದವರಿಗೆ ಅಂಥದ್ದು ಒಳ್ಳೆಯ ಶುರುವಾತು. ಐದು ದಾಟಿದ ಮೇಲೆ ಚೌಕಾಬಾರ, ಏಳರ ಹೊತ್ತಿಗೆ ಹುಲಿ-ಕುರಿ. ನಮ್ಮ ಮೂರೂ ಊರಿನ ಅಂಗಡಿಗಳಲ್ಲಿ ಹೊರದೇಶದ ಆಟ ಸಿಗದಿದ್ದರೂ ಚಿಂತೆ ಇಲ್ಲ. ಸೀಮೆಸುಣ್ಣ, ನಾಲ್ಕು ಹುಣಸೆಬೀಜ, ಹದಿನಾರು ಕಾಯಿ ಯಾವ ಮನೆಯಲ್ಲಿ ಇಲ್ಲ ಹೇಳ್ರಿ?

ಕೊನೆಗೆ ಒಂದು ಕೆಲಸ ಕೊಡ್ತೀನಿ. ಆಟದ ಹಲಗೆ ಕಲ್ಲಿನ ಮೇಲೆ ಉಳಿದಿದೆ, ಅಂಗಡಿಯಲ್ಲೂ ಸಿಗುತ್ತೆ. ಆದರೆ ಹಂಪಿಯ ಬಂಡೆಯ ಮೇಲೆ ನಿಯಮ ಬರೆದಿಲ್ಲ. ಜೋಡಿ ಕಾಯಿ ಆದರೆ ಹೊಡೆಯಬಹುದೋ ಇಲ್ಲವೋ, ಮೂರು ಸಲ ಎಂಟು ಬಿದ್ದರೆ ಏನು ಮಾಡಬೇಕು, ಸಣ್ಣವರಿಗೆ ಎಷ್ಟು ವಿನಾಯ್ತಿ, ಇದೆಲ್ಲಾ ಇರೋದು ಮನೆಯ ಹಿರಿಯ ಹೆಂಗಸರ ತಲೆಯಲ್ಲಿ. ರಾಣೇಬೆನ್ನೂರಿನ ಒಂದು ಓಣಿಯ ನಿಯಮ ಪಕ್ಕದ ಓಣಿಯಲ್ಲಿ ನಡೆಯೋದಿಲ್ಲ. ಒಬ್ಬ ಅಜ್ಜಿ ಹೋದರೆ ಆ ಮನೆಯ ಆಟವೂ ಅವರ ಜೊತೆಗೇ ಹೋಗುತ್ತೆ. ಈ ಭಾನುವಾರ ನಿಮ್ಮ ಅಜ್ಜಿ, ಅತ್ತೆ, ದೊಡ್ಡವ್ವ ಯಾರಿದ್ದಾರೋ ಅವರ ಎದುರು ಮನೆ ಬರೆದು ಕೂತ್ಕೊಳ್ರಿ, ಮಕ್ಕಳನ್ನ ಪಕ್ಕಕ್ಕೆ ಕೂರಿಸ್ಕೊಳ್ರಿ, ಫೋನಿನ ರೆಕಾರ್ಡರ್ ಹಾಕಿ ದೂರ ಇಡ್ರಿ. ಒಂದು ಆಟ ಪೂರ್ತಿ ಆಡ್ರಿ. ಜಗಳ ಬಂದಾಗ ನಿಯಮ ತಾನಾಗೇ ಹೊರಗೆ ಬರುತ್ತೆ. ಆ ರೆಕಾರ್ಡಿಂಗ್ ನಮಗೆ ಕಳಿಸ್ರಿ, ಮುಂದಿನ ಕಂತಿನಲ್ಲಿ ನಿಮ್ಮ ಓಣಿಯ ನಿಯಮ ಕೇಳಿಸ್ತೀವಿ.

ಅಲ್ಲಿವರೆಗೆ, ಹೋಗಿ ಬರ್ತೀನ್ರಿ. ನಮಸ್ಕಾರ.